ಚೊಗರಿನ ಕಲೆ

ಭಾದ್ರಪದ ಕಳೆದು ಆಶ್ವಯುಜ ಮಾಸವು ಕಾಲಿರಿಸುತ್ತಿದ್ದಂತೆ ನಮ್ಮ ಸಾಸ್ವೆಹಳ್ಳಿಯ ಸುತ್ತಿನಲ್ಲಿ, ಅದರಲ್ಲಿಯೂ ಚನ್ನಗಿರಿಯ ದಿಕ್ಕಿಗೆ ಸಾಗಿದಷ್ಟೂ, ಗಾಳಿಯಲ್ಲಿ ಒಂದು ಬಗೆಯ ಒಗರು ವಾಸನೆ ತುಂಬಿಕೊಳ್ಳುತ್ತದೆ. ಹಸಿ ಅಡಿಕೆಯನ್ನು ಸುಲಿದು ಹಂಡೆಗಳಲ್ಲಿ ಬೇಯಿಸುವ ಕಾಲವದು. ಭದ್ರಾ ನಾಲೆಯ ನೀರು ಬಂದ ಮೇಲೆ, ಕೊಳವೆಬಾವಿಗಳು ಹೆಚ್ಚಿದ ಮೇಲೆ, ಜೋಳ ರಾಗಿಗಳನ್ನು ಕಂಡಿದ್ದ ಎಷ್ಟೋ ಹೊಲಗಳು ಈ ಸೀಮೆಯಲ್ಲಿ ತೋಟಗಳಾದವು. ಅಡಿಕೆ ಬೇಯಿಸಿದ ನೀರು ಕೆಂಪಗೆ, ಮಂದವಾಗಿ ಹಂಡೆಯಲ್ಲಿ ಉಳಿಯುತ್ತದೆಯಷ್ಟೆ, ಅದೇ ಚೊಗರು. ಮುಂದಿನ ಹಂಡೆಗೆ ಅದನ್ನೇ ಬೆರೆಸಿದರೆ ಅಡಿಕೆಗೆ ಬಣ್ಣವೂ ಹೊಳಪೂ ಬರುತ್ತವೆ. ಇದು ತೋಟದವರಿಗೆಲ್ಲ ತಿಳಿದ ಸಂಗತಿ.

ಈ ಚೊಗರು ಬಟ್ಟೆಯ ಮೇಲೆ ಬಿದ್ದಿತೆಂದರೆ ಯಾವ ಸೋಪಿಗೂ ಬಗ್ಗುವುದಿಲ್ಲ. ಅಡಿಕೆ ಸುಲಿತದ ದಿನಗಳಿಗೆಂದೇ ನಮ್ಮ ತಾಯಿಯವರು ಒಂದು ಹಳೆಯ ಸೀರೆಯನ್ನು ಬೇರೆಯಾಗಿ ಮಡಿಚಿ ಇಟ್ಟಿರುತ್ತಿದ್ದರು. ಕೂಲಿಗೆ ಸುಲಿಯಲು ಬರುತ್ತಿದ್ದ ಹೆಣ್ಣುಮಕ್ಕಳ ಬೆರಳುಗಳಂತೂ ದೀಪಾವಳಿ ಕಳೆದು ಸಂಕ್ರಾಂತಿ ಬಂದರೂ ಕಪ್ಪಾಗಿಯೇ ಇರುತ್ತಿದ್ದವು. ಮದುವೆಯ ಮನೆಯಲ್ಲಿ ಪಂಕ್ತಿಗೆ ಕುಳಿತಾಗ ಆ ಕೈಗಳನ್ನು ಸೆರಗಿನ ಮರೆಗೆ ಎಳೆದುಕೊಳ್ಳುತ್ತಿದ್ದವರನ್ನು ನಾವು ಕಂಡಿದ್ದೇವೆ. ಕನ್ನಡದಲ್ಲಿ ಕಲೆ ಎಂಬ ಒಂದೇ ಮಾತಿಗೆ ಎರಡು ಅರ್ಥಗಳು. ಬಟ್ಟೆಗೆ ಹತ್ತಿದ ಮೇಲೆ ಹೋಗದಿರುವುದೂ ಕಲೆ, ಮನುಷ್ಯನು ತನ್ನ ಕೈಯಿಂದ ಚೆಲುವಾಗಿ ಮಾಡಿದುದೂ ಕಲೆ. ಒಂದರಿಂದ ಇನ್ನೊಂದಕ್ಕೆ ಹಾದಿ ಮಾಡಿದವರೊಬ್ಬರ ವಿಷಯವನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡಬೇಕೆನಿಸಿದೆ.

ಇದಕ್ಕೆ ನೆಪವಾದವಳು ನಮ್ಮ ಅಣ್ಣನ ಮಗಳು. ಬೆಂಗಳೂರಿನಲ್ಲಿ ಡಿಸೈನ್ ಓದುತ್ತಿರುವ ಹುಡುಗಿ ಕಳೆದ ಬಾರಿ ರಜೆಗೆ ಬಂದವಳು, “ಚಿಕ್ಕಪ್ಪ, ನಮ್ಮ ಊರಿನ ಜನಕ್ಕೆ ಉಪಯೋಗವಾಗುವ ಹಾಗೆ ಏನಾದರೂ ಒಂದು ವಿನ್ಯಾಸ ಮಾಡಿ ತೋರಿಸಬೇಕು, ಏನು ಮಾಡಲಿ?” ಎಂದು ಕೇಳಿದಳು. ನಮಗೆ ಪ್ರಶ್ನೆಯೇ ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳಲು ಸಂಕೋಚವೇನಿಲ್ಲ. ಡಿಸೈನ್ ಎಂದರೆ ಸೀರೆಯ ಅಂಚಿನ ಹೂಬಳ್ಳಿ, ಲಗ್ನಪತ್ರಿಕೆಯ ಮೇಲಿನ ಚಿತ್ತಾರ, ಬಹಳವಾದರೆ ಹೊಸ ಮನೆಯ ಮುಂಬಾಗಿಲು ಎಂಬುದೇ ನಮ್ಮ ಮನೆಗಳಲ್ಲಿ ರೂಢಿಯಾದ ಅರ್ಥ. ಅದರಿಂದ ಜನಕ್ಕೆ ಉಪಯೋಗವಾಗುವುದು ಹೇಗೆ?

ಆಗ ಅವಳು ಹೇಳಿದ ಸಂಗತಿಯೊಂದು ನಮ್ಮ ಕಣ್ಣು ತೆರೆಸಿತು. ಅಮೆರಿಕದ ಪ್ರಸಿದ್ಧ ವಿನ್ಯಾಸಕಾರರಾದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎಂಬ ದಂಪತಿಗಳು ಭಾರತ ಸರ್ಕಾರದ ಕೋರಿಕೆಯಂತೆ ನಮ್ಮ ದೇಶವನ್ನು ಸುತ್ತಿ 1958ರಲ್ಲಿ ಒಂದು ವರದಿಯನ್ನು ಒಪ್ಪಿಸಿದರಂತೆ. ಅಹಮದಾಬಾದಿನಲ್ಲಿ 1961ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಆ ವರದಿಯೇ ತಳಹದಿ. ಈ ದೇಶದಲ್ಲಿ ತಾವು ಕಂಡ ವಸ್ತುಗಳಲ್ಲೆಲ್ಲ ಅತ್ಯಂತ ಚೆಲುವಾದುದು, ಅತ್ಯಂತ ಶ್ರೇಷ್ಠವಾದುದು ಎಂದು ಅವರು ಅದರಲ್ಲಿ ಕೊಂಡಾಡಿರುವುದು ಯಾವುದನ್ನು? ತಾಜಮಹಲನ್ನಲ್ಲ, ನೀರಿನ ಲೋಟಾವನ್ನು. ಅಂದರೆ ನಮ್ಮೆಲ್ಲರ ಮನೆಯ ತಂಬಿಗೆಯನ್ನು! ಎಷ್ಟು ನೀರು ಹಿಡಿಯಬೇಕು, ಕೈಗೆ ಹೇಗೆ ಒಗ್ಗಬೇಕು, ಸೊಂಟದ ಮೇಲೋ ತಲೆಯ ಮೇಲೋ ಹೊರುವಾಗ ಭಾರ ಹೇಗೆ ನಿಲ್ಲಬೇಕು, ಬಗ್ಗಿಸಿದಾಗ ಹೇಗೆ ಸುರಿಯಬೇಕು, ಬೆಲೆ ಎಷ್ಟಿರಬೇಕು, ಇವೆಲ್ಲ ಅದರ ಆಕಾರದಲ್ಲಿ ಅಡಗಿವೆ. ಇದನ್ನು ಯಾರೋ ಒಬ್ಬರು ಕುಳಿತು ರೂಪಿಸಿದುದಲ್ಲ, ತಲೆತಲಾಂತರಗಳ ಅನೇಕ ಕೈಗಳು ರೂಪಿಸಿದವು ಎಂಬುದು ಅವರ ವಿಚಾರ. ದಿನವೂ ಬೆಳಗಿ ಬೋರಲು ಹಾಕುವ ತಂಬಿಗೆಯನ್ನು ನಾವು ಆ ದಿನ ತುಸು ಹೊತ್ತು ಕೈಯಲ್ಲಿ ಹಿಡಿದು ನೋಡಿದುದುಂಟು.

ಅವಳ ಪ್ರಶ್ನೆಗೆ ನಮಗೆ ತೋಚಿದ ಉತ್ತರ ಭೀಮನಕೋಣೆ. ಸಾಗರದ ಹತ್ತಿರದ ಹೆಗ್ಗೋಡಿಗೆ ಅಂಟಿಕೊಂಡಂತಿರುವ ಪುಟ್ಟ ಗ್ರಾಮವದು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ನಮ್ಮ ಹೊನ್ನಾಳಿ, ಚನ್ನಗಿರಿಗಳೂ ಶಿವಮೊಗ್ಗೆಗೇ ಸೇರಿದ್ದುದರಿಂದ ಸಾಗರದ ಸೀಮೆ ನಮಗೆ ಪರಕೀಯವಲ್ಲ. ಹೆಣ್ಣು ಕೊಟ್ಟು ತಂದ ನಂಟೂ ಉಂಟು. ಹೆಗ್ಗೋಡೆಂದೊಡನೆ ಎಲ್ಲರಿಗೂ ನೆನಪಾಗುವುದು 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆ ಮತ್ತು ಅದನ್ನು ಕಟ್ಟಿ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಗೆ ಪಾತ್ರರಾದ ಕೆ.ವಿ. ಸುಬ್ಬಣ್ಣನವರು. ಅದೇ ಪರಿಸರಕ್ಕೆ ಬಂದು ನೆಲೆಸಿ, ನಾಟಕದಿಂದ ಮಗ್ಗಕ್ಕೆ ದಾಟಿದವರು ರಂಗನಿರ್ದೇಶಕ ಪ್ರಸನ್ನ ಅವರು. ಅವರನ್ನು ಯಾರೂ ವಿನ್ಯಾಸಕಾರರೆಂದು ಕರೆಯುವುದಿಲ್ಲ. ಆದರೆ ನಾಟಕ, ಬಟ್ಟೆ, ಬಣ್ಣ, ಸಂಘಟನೆ, ಸತ್ಯಾಗ್ರಹ ಇವೆಲ್ಲವನ್ನೂ ಒಂದೇ ಎಳೆಯಲ್ಲಿ ಪೋಣಿಸಿದ ಇನ್ನೊಬ್ಬರು ಈ ಸೀಮೆಯಲ್ಲಿ ನಮಗೆ ಕಾಣರು.

1951ರಲ್ಲಿ ಜನಿಸಿದ ಪ್ರಸನ್ನ ಅವರು ವಿಜ್ಞಾನದ ವ್ಯಾಸಂಗವನ್ನು ಬಿಟ್ಟು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನು ಸೇರಿ 1975ರಲ್ಲಿ ಅಲ್ಲಿಂದ ಹೊರಬಂದರು. ತುರ್ತು ಪರಿಸ್ಥಿತಿಯ ಅದೇ ವರ್ಷದಲ್ಲಿ ಬೆಂಗಳೂರಿನಲ್ಲಿ ಸಮಾನಮನಸ್ಕರೊಡನೆ ‘ಸಮುದಾಯ’ವನ್ನು ಹುಟ್ಟುಹಾಕಿದರು. ರಂಗಮಂದಿರಕ್ಕೆ ಟಿಕೆಟ್ಟು ಕೊಂಡು ಬರುವವರಿಗಷ್ಟೇ ನಾಟಕ ಸಲ್ಲಬಾರದೆಂಬುದು ಆ ತಂಡದ ನಿಲುವು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಕಗ್ಗೊಲೆಯನ್ನು ಕುರಿತು ಸಮುದಾಯದವರು ಆಡಿದ ಬೀದಿನಾಟಕವನ್ನು ಸಂತೆಮಾಳಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಜನ ನಿಂತು ನೋಡಿದರು. 1979ರಲ್ಲಿ ಅವರ ಜಾಥಾ ನಾಡಿನ ಊರೂರುಗಳನ್ನು ಹಾದುಹೋಯಿತು. ಪರದೆಯಿಲ್ಲ, ವೇದಿಕೆಯಿಲ್ಲ, ಝಗಝಗಿಸುವ ಉಡುಪಿಲ್ಲ. ಏನನ್ನು ಬಿಟ್ಟರೂ ನಾಟಕವು ನಾಟಕವಾಗಿ ಉಳಿಯುತ್ತದೆ ಎಂಬುದನ್ನು ಬೀದಿಯಲ್ಲಿ ಕಲಿತವರಿಗೆ, ಏನನ್ನು ಬಿಟ್ಟರೂ ಬಟ್ಟೆಯು ಬಟ್ಟೆಯಾಗಿ ಉಳಿಯುತ್ತದೆ ಎಂಬುದು ಮುಂದೆ ಸುಲಭವಾಗಿ ಹೊಳೆದಿರಬೇಕು.

ಹೆಗ್ಗೋಡಿಗೆ ಬಂದ ಮೇಲೆ ಕವಿಕಾವ್ಯ ಟ್ರಸ್ಟಿನ ಆಶ್ರಯದಲ್ಲಿ ನೂಲು, ನೇಯ್ಗೆಗಳ ಸಣ್ಣ ಪ್ರಯತ್ನ ಮೊದಲಾಯಿತು. ಅದು 1996ರಲ್ಲಿ ‘ಚರಕ ಮಹಿಳಾ ವಿವಿಧೋದ್ದೇಶ ಕೈಗಾರಿಕಾ ಸಹಕಾರ ಸಂಘ’ವಾಗಿ ನೋಂದಣಿಗೊಂಡಿತು. ಹೆಸರು ಉದ್ದವಾಯಿತೆಂದು ಜನ ‘ಚರಕ’ ಎಂದಷ್ಟೇ ಕರೆಯುತ್ತಾರೆ. ಇಲ್ಲಿ ನಮ್ಮ ಓದುಗರು ಗಮನಿಸಬೇಕಾದುದು ಆ ಉದ್ದನೆಯ ಹೆಸರಿನಲ್ಲಿಯೇ ಇದೆ. ಅದು ಒಬ್ಬರ ಅಂಗಡಿಯಲ್ಲ, ಕಂಪನಿಯಲ್ಲ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳೇ ಸದಸ್ಯರಾಗಿರುವ ಸಹಕಾರ ಸಂಘ. ತೋಟದ ಕೂಲಿ ಬಿಟ್ಟರೆ ಬೇರೆ ದುಡಿಮೆ ಕಾಣದಿದ್ದ, ನೇಯ್ಗೆಯ ಮನೆತನದಲ್ಲಿ ಹುಟ್ಟದಿದ್ದ ಹುಡುಗಿಯರು ಲಾಳಿ ಎಸೆಯುವುದನ್ನೂ ಕಲಿತರು, ಲೆಕ್ಕಪುಸ್ತಕ ಬರೆಯುವುದನ್ನೂ ಕಲಿತರು. ಜೇಡರ ದಾಸಿಮಯ್ಯನವರನ್ನು ವರ್ಷಕ್ಕೊಮ್ಮೆ ಸ್ಮರಿಸಿ ಹಾರ ಹಾಕುವ ನಮ್ಮಂಥವರ ಮನೆಗಳಲ್ಲಿ ಮಗ್ಗದ ಮುಂದೆ ಕುಳಿತುಕೊಳ್ಳಬಲ್ಲವರು ಎಷ್ಟು ಮಂದಿ ಎಂದು ಯೋಚಿಸಿದರೆ ನಗು ಬರುತ್ತದೆ.

ಚರಕದ ಬಟ್ಟೆಯ ವಿಶೇಷವಿರುವುದು ಅದರ ಬಣ್ಣದಲ್ಲಿ. ರಾಸಾಯನಿಕ ಬಣ್ಣಗಳನ್ನು ದೂರವಿಟ್ಟು, ಸಸ್ಯಮೂಲದ ಬಣ್ಣಗಳನ್ನೇ ಆರಿಸಿಕೊಂಡರು. ಹಾಗೆ ಆರಿಸುವಾಗ ಮೊದಲು ಕಣ್ಣಿಗೆ ಬಿದ್ದುದು ಕಾಲ ಬುಡದಲ್ಲಿಯೇ ಹರಿಯುತ್ತಿದ್ದ ಅಡಿಕೆಯ ಚೊಗರು. ಯಾವ ಕಲೆಯನ್ನು ತೊಳೆಯಲಾರದೆ ಹೆಂಗಸರು ಶಾಪ ಹಾಕುತ್ತಿದ್ದರೋ, ಆ ಹೋಗದಿರುವ ಗುಣವನ್ನೇ ಬಟ್ಟೆಗೆ ಬಣ್ಣ ಕೊಡಲು ದುಡಿಸಿಕೊಂಡರು! ಇದು ಬುದ್ಧಿವಂತಿಕೆಯಷ್ಟೇ ಅಲ್ಲ, ದೃಷ್ಟಿಯ ಪ್ರಶ್ನೆ. ನಮ್ಮ ಚನ್ನಗಿರಿಯ ಹಂಡೆಗಳಲ್ಲಿ ಆ ಸೀಮೆಗಿಂತ ಕಡಿಮೆ ಚೊಗರು ಕುದಿಯುವುದಿಲ್ಲ. ಆದರೂ ಇಷ್ಟು ವರ್ಷ ಅದು ನಮಗೆ ಕಲೆಯಾಗಿಯೇ ಉಳಿಯಿತು.

ಬಣ್ಣ ಹಾಕುವ ಕ್ರಮವನ್ನು ತುಸು ವಿವರಿಸುವುದು ಉಚಿತ. ಅಡಿಗೆಮನೆಯನ್ನು ಬಲ್ಲ ನಮ್ಮ ಸೋದರಿಯರಿಗೆ ಇದು ನಮಗಿಂತ ಬೇಗ ಹಿಡಿಸೀತು. ಹತ್ತಿಯ ನೂಲಿನ ಲಡಿಯಲ್ಲಿ ಸಹಜವಾದ ಜಿಡ್ಡಿರುತ್ತದೆ. ಅದನ್ನು ಮೊದಲು ಕುದಿಸಿ ತೆಗೆಯದಿದ್ದರೆ ಬಣ್ಣ ಒಳಗಿಳಿಯದೆ ಮೇಲೆಯೇ ನಿಲ್ಲುತ್ತದೆ. ಅನಂತರ ಪಟಿಕದ ನೀರಿನ ಸಂಸ್ಕಾರ. ನೂಲಿಗೂ ಬಣ್ಣಕ್ಕೂ ನಂಟು ಬೆಸೆಯುವ ಕೆಲಸ ಪಟಿಕದ್ದು; ಅದಿಲ್ಲದಿದ್ದರೆ ಅನೇಕ ಸಸ್ಯದ ಬಣ್ಣಗಳು ನಾಲ್ಕು ಒಗೆತಕ್ಕೆ ಮಾಸಿಹೋಗುತ್ತವೆ. ಚೊಗರಿನಲ್ಲಿಯೂ ಅಳಲೆಕಾಯಿಯಲ್ಲಿಯೂ ದಾಳಿಂಬೆಯ ಸಿಪ್ಪೆಯಲ್ಲಿಯೂ ಇರುವ ಒಗರು ನೂಲನ್ನು ಚೆನ್ನಾಗಿ ಹಿಡಿಯುತ್ತದೆ. ಚೊಗರಿನಿಂದ ಮಣ್ಣಿನ ಕೆಂಪು, ಕಂದು ಛಾಯೆಗಳು. ದಾಳಿಂಬೆ ಸಿಪ್ಪೆಯಿಂದ ಹಳದಿ. ಮಂಜಿಷ್ಠದ ಬೇರಿನಿಂದ ಕೆಂಪು. ಅದೇ ಒಗರಿಗೆ ಕಬ್ಬಿಣದ ಅಂಶ ತಗುಲಿದರೆ ಬೂದು, ಕಪ್ಪು ಬಣ್ಣಗಳು ಹುಟ್ಟುತ್ತವೆ. ಕಬ್ಬಿಣದ ಕತ್ತಿಯಿಂದ ಅಡಿಕೆ ಸುಲಿದವರ ಬೆರಳು ಕಪ್ಪಾಗುವುದರ ಗುಟ್ಟೂ ಇದರಲ್ಲಿರಬೇಕೆಂದು ನಮಗೆ ತೋರುತ್ತದೆ. ನೀಲಿಯದೇ ಬೇರೆ ಮರ್ಜಿ. ಅದು ನೀರಿನಲ್ಲಿ ಕರಗದು. ತೊಟ್ಟಿಯಲ್ಲಿ ಹುಳಿಯೆಬ್ಬಿಸಿ ಪಳಗಿಸಬೇಕು. ಅದ್ದಿ ತೆಗೆದಾಗ ಹಳದಿಹಸಿರಾಗಿರುವ ಲಡಿ ಗಾಳಿ ಸೋಕಿದಂತೆ ನೋಡನೋಡುತ್ತಲೇ ನೀಲಿಯಾಗುತ್ತದೆ. ದೋಸೆಯ ಹಿಟ್ಟು ಎಂದು ಹುದುಗು ಬಂದೀತೆಂದು ಬಲ್ಲವರಿಗೆ ನೀಲಿಯ ತೊಟ್ಟಿಯನ್ನು ನೋಡಿಕೊಳ್ಳುವುದು ಕಷ್ಟವಾಗಲಾರದು.

ಸಸ್ಯದ ಬಣ್ಣವೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವೆಂದು ತಿಳಿಯುವುದೂ ತಪ್ಪು. ಪಟಿಕದ ಬದಲು ತಾಮ್ರ, ಕ್ರೋಮಿಯಂಗಳ ಲವಣಗಳನ್ನು ಬಳಸಿ ಮೆರುಗು ತರಿಸುವ ರೂಢಿಯೂ ಲೋಕದಲ್ಲಿದೆ. ಆ ನೀರು ಹಳ್ಳ ಸೇರಿದರೆ ವಿಷವೇ ಸರಿ.

ಬಣ್ಣವಾದ ಲಡಿಯನ್ನು ಬಿಚ್ಚಿ ಸುತ್ತಬೇಕು, ಹಾಸು ಹಾಕಬೇಕು, ಹೊಕ್ಕಿಗೆ ಕಂಡಿಕೆ ಸುತ್ತಬೇಕು, ಆಮೇಲೆ ನೇಯ್ಗೆ, ಆಮೇಲೆ ಹೊಲಿಗೆ. ಒಂದು ಜುಬ್ಬಕ್ಕೆ ಎಷ್ಟು ಕೈಗಳು! ಕೈಮಗ್ಗದಲ್ಲಿ ದಿನವೆಲ್ಲ ಕುಳಿತರೆ ನಾಲ್ಕಾರು ಮೀಟರು ಬಟ್ಟೆ. ಆದುದರಿಂದ ಉಡುಪಿನ ರೂಪವನ್ನು ನಿರ್ಣಯಿಸುವಾಗ ಒಂದು ಹಟ ಬೇಕಾಗುತ್ತದೆ: ಚೆಲುವನ್ನು ಬಟ್ಟೆಯ ಮೈಯಲ್ಲಿಯೇ ತೋರಿಸಬೇಕು, ಮೇಲಿಂದ ಅಂಟಿಸಬಾರದು. ‘ದೇಸಿ’ ಎಂಬ ಹೆಸರಿನ ಮಳಿಗೆಗಳಲ್ಲಿ ಮಾರಾಟವಾಗುವ ಚರಕದ ಜುಬ್ಬ, ಕುಪ್ಪಸ, ಲಂಗಗಳನ್ನು ನೋಡಿದವರಿಗೆ ಇದು ವೇದ್ಯವಾಗುತ್ತದೆ. ಗೆರೆ, ಚೌಕುಳಿ, ಮಣ್ಣಿನ ಬಣ್ಣ, ನೇರವಾದ ಹೊಲಿಗೆ ಇಷ್ಟೇ. ನಮ್ಮ ಮನೆಯವರು ಮೊದಲ ಬಾರಿ ನೋಡಿದಾಗ, “ಇದೇನು, ಒಗೆದು ಹರವಿದ ಹಾಗಿದೆ!” ಎಂದಿದ್ದರು. ಈಗ ಬೇಸಿಗೆಯಲ್ಲಿ ಅವರಿಗೆ ಅದೇ ಕುಪ್ಪಸವಾಗಬೇಕು.

ಇಂಥ ಮಾರ್ಗ ತುಳಿದವರಲ್ಲಿ ಪ್ರಸನ್ನ ಅವರೇ ಮೊದಲಿಗರಲ್ಲ. ಇಂಗ್ಲೆಂಡಿನಲ್ಲಿ 1834ರಲ್ಲಿ ಹುಟ್ಟಿದ ವಿಲಿಯಂ ಮಾರಿಸ್ ಎಂಬಾತನೂ ಕವಿ, ಗೋಡೆಯ ಕಾಗದಕ್ಕೆ, ಬಟ್ಟೆಗೆ, ಕಂಬಳಿಗೆ ಚಿತ್ತಾರ ರಚಿಸಿದವನು, ಅಚ್ಚುಕೂಟ ನಡೆಸಿದವನು, ಕೊನೆಗೆ ಕಾರ್ಮಿಕರ ಪಕ್ಷ ವಹಿಸಿ ಬೀದಿಯಲ್ಲಿ ಭಾಷಣ ಮಾಡಿದವನು. ರಾಸಾಯನಿಕ ಬಣ್ಣಗಳ ಅಬ್ಬರವನ್ನು ಸಹಿಸದೆ ಹಳೆಯ ಸಸ್ಯದ ಬಣ್ಣಗಳನ್ನು ಕಲಿಯಲು ಬಣ್ಣಗಾರರ ತೊಟ್ಟಿಯಲ್ಲಿ ತಾನೇ ಕೈಯದ್ದಿ, ಮೊಣಕೈವರೆಗೂ ನೀಲಿಯಾಗಿ ಓಡಾಡುತ್ತಿದ್ದನಂತೆ. ಸಿರಿವಂತರ ಮನೆಯ ಮಗ, ಕಲೆ ಹತ್ತಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ! ಆದರೆ ಅವನಿಗೂ ಒಂದು ಕೊರಗು ಕಡೆಯವರೆಗೆ ಕಾಡಿತು. ದುಡಿಯುವ ಜನರ ಸಲುವಾಗಿ ಕೈಕಸುಬನ್ನು ಎತ್ತಿಹಿಡಿಯಹೊರಟರೆ, ಅದರಿಂದ ಬಂದ ವಸ್ತುವನ್ನು ಕೊಳ್ಳುವ ಶಕ್ತಿಯಿದ್ದವರು ಧನಿಕರು ಮಾತ್ರ. ತನ್ನ ಬಾಳೆಲ್ಲ ಸಿರಿವಂತರ ಭೋಗಕ್ಕೆ ಸೇವೆ ಸಲ್ಲಿಸುವುದಾಯಿತೆಂದು ಅವನು ಮರುಗಿದ್ದುಂಟು.

ಈ ಕೊರಗು ನಮ್ಮ ಕಾಲದ್ದೂ ಹೌದು. ಭೀಮನಕೋಣೆಯ ಹೆಣ್ಣುಮಗಳು ನೇಯ್ದ ಬಟ್ಟೆಯನ್ನು ಬೆಂಗಳೂರಿನ ವಿದ್ಯಾವಂತರು ಕೊಳ್ಳುತ್ತಾರೆ. ನೇಯ್ದವಳ ನೆರೆಯವಳು ಸಂತೆಯಲ್ಲಿ ಪಾಲಿಯೆಸ್ಟರ್ ಸೀರೆಯನ್ನು ಕೊಳ್ಳುತ್ತಾಳೆ. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಬೆಲೆಯ ಅಂತರವನ್ನು ಕಲಾವಂತಿಕೆಯಿಂದ ತುಂಬಲಾಗದು. ಅದು ತೆರಿಗೆ, ಕಾನೂನು, ಸರ್ಕಾರದ ನೀತಿಗಳಿಗೆ ಸೇರಿದ ವಿಷಯ. ಬಟ್ಟೆಯ ವಿನ್ಯಾಸ ಮಾಡಹೊರಟವರು ಬೀದಿಗಿಳಿದು ಸತ್ಯಾಗ್ರಹಕ್ಕೆ ಕುಳಿತುದು ಈ ಕಾರಣದಿಂದ ಎಂಬುದು ನಮ್ಮ ತಿಳುವಳಿಕೆ.

ಕೈಮಗ್ಗಕ್ಕೆ ರಕ್ಷಣೆ ಕೊಡುವ ಕಾನೂನು ಇಲ್ಲದೆ ಇಲ್ಲ. 1985ರ ಕೈಮಗ್ಗ ಮೀಸಲಾತಿ ಅಧಿನಿಯಮವು ಕೆಲವು ಬಗೆಯ ಬಟ್ಟೆಗಳನ್ನು ಯಂತ್ರಮಗ್ಗದಲ್ಲಿ ನೇಯಕೂಡದೆಂದು ವಿಧಿಸಿತು. ಮೊದಲಿಗೆ ಇಪ್ಪತ್ತೆರಡು ಬಗೆಗಳಿದ್ದುವು. ಅನಂತರ ಹನ್ನೊಂದಕ್ಕೆ ಇಳಿದುವು. 1993ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಕಾನೂನನ್ನು ಎತ್ತಿಹಿಡಿಯಿತು. ಆದರೂ ಪೇಟೆಯಲ್ಲಿ ಕೈಮಗ್ಗದ ಹೆಸರಿನ ಯಂತ್ರಮಗ್ಗದ ಬಟ್ಟೆಗೆ ಬರವಿಲ್ಲ. ನಾವೇ ಒಮ್ಮೆ ಮೋಸಹೋದೆವು. ಮಗಳ ಸೀಮಂತಕ್ಕೆಂದು ನಗರದ ದೊಡ್ಡ ಅಂಗಡಿಯೊಂದರಲ್ಲಿ, ಹೆಸರು ಬೇಡ, ಕೈಮಗ್ಗದ ಸೀರೆಯೆಂದು ಒಳ್ಳೆಯ ಬೆಲೆ ತೆತ್ತು ತಂದೆವು. ನೇಯ್ಗೆಯಲ್ಲಿಯೇ ಬಾಳು ಸವೆಸಿದ ವೃದ್ಧರೊಬ್ಬರು ಸೆರಗನ್ನು ಬೆರಳ ನಡುವೆ ಹೊಸಕಿ ನೋಡಿ, “ಯಜಮಾನ್ರೇ, ಇದಕ್ಕೆ ಮನುಷ್ಯರ ಕೈ ತಾಗಿದ್ದು ಮಡಿಚಿ ಡಬ್ಬಿಗೆ ಹಾಕುವಾಗ ಮಾತ್ರ” ಎಂದರು. ಕೈಮಗ್ಗವನ್ನು ಗುರುತಿಸಲು 2006ರಲ್ಲಿ ಸರ್ಕಾರವು ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಮುದ್ರೆಯನ್ನು ಜಾರಿಗೆ ತಂದಿದೆ. ಅದನ್ನು ಕೇಳಿ ನೋಡುವ ಜಾಣತನ ನಮಗೆ ಆ ದಿನ ಇರಲಿಲ್ಲ. ಅಂಗಡಿಯ ದೀಪದ ಬೆಳಕಿಗೆ ಮರುಳಾಗಿದ್ದೆವು. 2019-20ರ ಅಖಿಲ ಭಾರತ ಕೈಮಗ್ಗ ಗಣತಿಯಂತೆ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಮಂದಿ ಈ ಕಸುಬನ್ನು ನಂಬಿದ್ದಾರೆ. ನೇಯುವವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಹೆಂಗಸರು. ನಾವು ತೆತ್ತ ಹಣ ಅವರಲ್ಲಿ ಯಾರನ್ನೂ ಮುಟ್ಟಲಿಲ್ಲ.

ನೇಕಾರರ ಪರವಾದ ಹೋರಾಟವು ಪ್ರಸನ್ನ ಅವರನ್ನು ಬದನವಾಳಿಗೆ ಕರೆದೊಯ್ದಿತು. ನಂಜನಗೂಡು ತಾಲ್ಲೂಕಿನ ಆ ಗ್ರಾಮದ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿಯವರು ಬಂದಿದ್ದರು. ಒಂದು ಕಾಲಕ್ಕೆ ಚರಕಗಳ ಸದ್ದು ತುಂಬಿದ್ದ ಕಟ್ಟಡಗಳು ಪಾಳುಬಿದ್ದಿದ್ದವು. 2015ರಲ್ಲಿ ಅಲ್ಲಿಯೇ ಬಿಡಾರ ಹೂಡಿ, ಕಸ ಗುಡಿಸಿ, ನೂಲುತ್ತ ಸತ್ಯಾಗ್ರಹ ನಡೆಸಿದರು. ಏಪ್ರಿಲ್ ತಿಂಗಳಲ್ಲಿ ಸುಸ್ಥಿರ ಬದುಕನ್ನು ಕುರಿತ ದೊಡ್ಡ ಸಮಾವೇಶವೂ ಅಲ್ಲಿಯೇ ಜರುಗಿತು. ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿಯದೆ ಪಾಳು ಕೇಂದ್ರವನ್ನೇ ಆರಿಸಿದುದರಲ್ಲಿ ರಂಗನಿರ್ದೇಶಕನ ಕಣ್ಣಿದೆ. ಹತ್ತು ಭಾಷಣಗಳು ಹೇಳಬಹುದಾದುದನ್ನು ಆ ಗೋಡೆಗಳೇ ಹೇಳಿದುವು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾಗಿ ಕೈಮಗ್ಗದ ಬಟ್ಟೆಗೂ ನೂರಕ್ಕೆ ಐದರ ತೆರಿಗೆ ಬಿದ್ದಾಗ, ಕೈಉತ್ಪನ್ನಗಳಿಗೆ ತೆರಿಗೆಯೇ ಇರಕೂಡದೆಂದು ಕರನಿರಾಕರಣೆಗೆ ಕರೆಕೊಟ್ಟು, ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಉಪವಾಸಕ್ಕೆ ಕುಳಿತರು. 2019ರಲ್ಲಿ ಮತ್ತೊಮ್ಮೆ ಉಪವಾಸ. ಆ ಬಾರಿ ‘ಪವಿತ್ರ ಆರ್ಥಿಕತೆ’ ಎಂಬ ಹೆಸರಿನಲ್ಲಿ. ಯಂತ್ರದ ಪಾಲಿಗಿಂತ ಮನುಷ್ಯನ ದುಡಿಮೆಯ ಪಾಲು ಹೆಚ್ಚಾಗಿರುವ, ನೆಲಕ್ಕೆ ನೀರಿಗೆ ಕೇಡು ಬಗೆಯದ ಉದ್ಯೋಗಗಳನ್ನು ಸರ್ಕಾರವು ಬೇರೆಯಾಗಿ ಗುರುತಿಸಿ ಪೊರೆಯಬೇಕೆಂಬುದು ಅದರ ತಿರುಳು. ಇವುಗಳಿಂದ ಬಂದ ಫಲ ಅಲ್ಪವೆಂದೇ ಹೇಳಬೇಕು.

ಇಲ್ಲಿ ನಮ್ಮದೊಂದು ಭಿನ್ನಾಭಿಪ್ರಾಯವನ್ನೂ ಮುಚ್ಚಿಡಲಾಗದು. ‘ಯಂತ್ರಗಳನ್ನು ಕಳಚೋಣ ಬನ್ನಿ’ ಎಂಬುದು ಪ್ರಸನ್ನ ಅವರ ಪುಸ್ತಕವೊಂದರ ಹೆಸರು. ಹೆಸರನ್ನು ಓದಿದೊಡನೆ ನಮಗೆ ನೆನಪಾಗುವುದು ನಮ್ಮ ಸೀಮೆಯ ಕಣಗಳಿಗೆ ಬಂದ ಅಡಿಕೆ ಸುಲಿಯುವ ಯಂತ್ರ. ಅದು ಬರುವ ಮೊದಲು ಕೇರಿಯ ಹೆಂಗಸರು ಸಂಜೆಯ ಹೊತ್ತಿಗೆ ಬಂದು ಸಾಲಾಗಿ ಕುಳಿತರೆ ನಡುರಾತ್ರಿಯಾದರೂ ಏಳುತ್ತಿರಲಿಲ್ಲ. ಬೆನ್ನು ಬಾಗಿ, ಕತ್ತಿ ತಗುಲಿ, ತೂಕಡಿಸುವ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಸುಲಿಯುತ್ತಿದ್ದ ಆ ದುಡಿಮೆಯನ್ನು ಪವಿತ್ರವೆಂದು ಕರೆಯಲು ಕಣದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ನಮಗೆ ನಾಲಗೆ ಬಾರದು. ಯಂತ್ರ ಬಂದು ಅವರ ಬೆನ್ನು ನೆಟ್ಟಗಾಯಿತು. ಆದರೆ ದೀಪಾವಳಿಯ ಖರ್ಚಿಗೆ ಒದಗುತ್ತಿದ್ದ ಅವರ ಸ್ವಂತದ ಹಣವೂ, ಗಂಡನನ್ನು ಕೇಳದೆ ಮಗಳಿಗೊಂದು ಲಂಗ ತರುವ ಹಣವೂ, ಅದರೊಡನೆಯೇ ನಿಂತಿತು. ಹೀಗೆ ಒಮ್ಮೆ ನಮ್ಮ ಮನೆಯಲ್ಲಿ ಸುಲಿಯುತ್ತಿದ್ದವರೊಬ್ಬರು ನಮ್ಮ ಮನೆಯವರಲ್ಲಿ, “ಅಮ್ಮಾ, ಮಿಷನ್ನು ಬಂದದ್ದು ಒಳ್ಳೇದೇ ಆಯ್ತು. ಆದ್ರೆ ನಮಗೆ ಬೇರೆ ಏನು ಕೊಟ್ರಿ?” ಎಂದು ಕೇಳಿದ್ದರು. ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದಾಗ ಗಂಡಸರು ಕೇಳಿದ ಪ್ರಶ್ನೆಯೂ ಇದೇ. ಯಂತ್ರ ಬೇಕೇ ಬೇಡವೇ ಎಂಬ ವಾದಕ್ಕಿಂತ ಈ ಪ್ರಶ್ನೆ ನಮಗೆ ದೊಡ್ಡದಾಗಿ ಕಾಣುತ್ತದೆ. ಭೀಮನಕೋಣೆಯಲ್ಲಿ ಅದಕ್ಕೊಂದು ಉತ್ತರವಾದರೂ ಹುಟ್ಟಿತಲ್ಲ, ನಮ್ಮಲ್ಲಿ ಅದೂ ಹುಟ್ಟಲಿಲ್ಲ.

ಆ ಉತ್ತರವೂ ಸುಲಭವಾಗಿ ಬಾಳಲಿಲ್ಲ. 2020ರಲ್ಲಿ ಕೊರೊನಾ ಪಿಡುಗಿನಿಂದ ಊರಿಗೆ ಊರೇ ಬಾಗಿಲು ಹಾಕಿದಾಗ ಬಟ್ಟೆ ಮಾರಾಟವಾಗದೆ ರಾಶಿಬಿದ್ದಿತು. ಮೊದಲೇ ಹಣದ ಅಡಚಣೆಯಲ್ಲಿದ್ದ ಚರಕವು ಆ ಮಳೆಗಾಲದಲ್ಲಿ ತಾನು ದಿವಾಳಿಯ ಸ್ಥಿತಿಗೆ ಬಂದಿರುವುದಾಗಿ ಬಹಿರಂಗವಾಗಿ ಸಾರಿತು. ನಷ್ಟವನ್ನು ಮರೆಮಾಡಿ ಮರ್ಯಾದೆ ಉಳಿಸಿಕೊಳ್ಳುವ ಲೋಕದಲ್ಲಿ ಇದು ವಿರಳವೆಂದೇ ಹೇಳಬೇಕು. ಸುದ್ದಿ ಹರಡಿದ ಮೇಲೆ ಅಭಿಮಾನಿಗಳು ಬಟ್ಟೆ ಕೊಳ್ಳಲು ಮುಂದಾದರು. ಸಂಘ ಉಸಿರು ಹಿಡಿಯಿತು, ಮಗ್ಗಗಳು ಮತ್ತೆ ಆಡಿದುವು. ಇಪ್ಪತ್ತೈದು ವರ್ಷಗಳಷ್ಟು ದುಡಿದ ಸಂಸ್ಥೆಯೊಂದು ಕೆಲವೇ ತಿಂಗಳ ಆಪತ್ತಿಗೆ ಕುಸಿಯುವಷ್ಟು ತೆಳುವಾದ ನೆಲದ ಮೇಲೆ ನಿಂತಿತ್ತೆಂಬುದನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಇಷ್ಟನ್ನೂ ಹೇಳಿದಾಗ ನಮ್ಮ ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಮರುದಿನ ನೋಡಿದರೆ, ಚೇಣಿದಾರರ ಕಣಕ್ಕೆ ಹೋಗಿ ಹಂಡೆಯ ತಳದಿಂದ ಒಂದು ಕೊಡ ಚೊಗರನ್ನು ತಂದಿದ್ದಾಳೆ! ಅವರು ನಕ್ಕು, “ತಗೊಂಡ್ಹೋಗವ್ವ, ಬಟ್ಟೆಗೆ ಬೀಳಿಸ್ಕೋಬ್ಯಾಡ” ಎಂದರಂತೆ. ನಮ್ಮ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ನಮ್ಮದೇ ಒಂದು ಬಿಳಿಯ ಪಂಚೆಯನ್ನು ಕುದಿಸಿದಳು. ಮೊದಲು ಜಿಡ್ಡು ತೆಗೆಯಬೇಕೆಂಬುದನ್ನು ಮರೆತಿದ್ದಳು. ಪಟಿಕದ ಅಳತೆಯೂ ತಿಳಿಯದು. ಒಣಗಿದಾಗ ಪಂಚೆ ಅಲ್ಲಲ್ಲಿ ಕಡುಗೆಂಪು, ಅಲ್ಲಲ್ಲಿ ಪೇಲವ, ನಡುವೆ ದ್ವೀಪಗಳಂಥ ಬಿಳಿಯ ತೇಪೆಗಳು. ಕಬ್ಬಿಣದ ಬಾಣಲೆಗೆ ತಗುಲಿದ ಅಂಚು ಮಾತ್ರ ಕಪ್ಪಾಗಿತ್ತು.

ಅಡಿಕೆ ಸುಲಿತ ಬಿಟ್ಟ ಮೇಲೆ ಮನೆಗೆಲಸಕ್ಕೆ ಬರುವ, ಮೇಲೆ ಹೇಳಿದ ಆ ಹಿರಿಯ ಹೆಂಗಸು ಪಂಚೆಯನ್ನು ಬಿಚ್ಚಿ ಬಿಸಿಲಿಗೆ ಹಿಡಿದು ಎರಡೂ ಮಗ್ಗುಲನ್ನು ನೋಡಿದರು. ಹಂಡೆಯಲ್ಲಿ ಅಡಿಕೆಯನ್ನು ಹೇಗೆ ಮಗುಚುತ್ತಾರೋ ಹಾಗೆಯೇ ಬಟ್ಟೆಯನ್ನೂ ಮಗುಚುತ್ತ ಇರಬೇಕಿತ್ತು, ಬಿಟ್ಟು ಹೋದರೆ ತಳ ಹಿಡಿಯದೆ ಇರುತ್ತದೆಯೇ ಎಂದು ಹುಡುಗಿಯನ್ನು ಗದರಿದರು. ಮುಂದಿನ ಹಂಡೆ ಇಳಿಸುವ ದಿನ ತಾವೂ ಬರುವುದಾಗಿ ಹೇಳಿ, ಹೋಗುವಾಗ ಬಾಗಿಲಲ್ಲಿ ನಿಂತು, ಸಾಗರದ ಕಡೆಯ ಆ ಹೆಂಗಸರಿಗೆ ದಿನಕ್ಕೆ ಏನು ಕೊಡುತ್ತಾರೆ ಎಂದು ಕೇಳಿದರು.